ಕಂಬಳಿ ಹೊದ್ದ ವರ್ಷ

ಶಿಷ್ಯ ಕೊಟ್ರಯ್ಯ ಗುರುಗಳನ್ನು ಕೇಳಿದ: "ಅಜ್ಜಾರೇ, ಅಪ್ಪ ಲಿಂಗೈಕ್ಯನಾಗಿ ನಾಳೆಗೆ ವರ್ಷ. ಹಿಂದಿರುಗಿ ನೋಡಿದರೆ ವರ್ಷದ ತುಂಬ ಅವನು ಹೋದದ್ದೊಂದೇ ಕಾಣುತ್ತದೆ. ಈ ವರ್ಷದಲ್ಲಿ ನಾನು ಎಲ್ಲಿದ್ದೆ?"

ಕೊಟ್ರಯ್ಯನ ಅಪ್ಪ ಮಠದ ಪಡಸಾಲೆಯಲ್ಲಿ ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವನು. ಅವನು ಹೋದ ಮೇಲೆ ಕೊಟ್ರಯ್ಯ ಆ ಜಾಗಕ್ಕೆ ಬಂದ. ಅಪ್ಪ ಒರಗುತ್ತಿದ್ದ ಕಂಬಕ್ಕೇ ಒರಗಿದ, ಅಪ್ಪ ಹೇಳುತ್ತಿದ್ದ ಹಾಗೆಯೇ ಹೇಳಿಕೊಟ್ಟ. ಯಾವುದಾದರೂ ಮಗು ಚೆನ್ನಾಗಿ ಓದಿತೆಂದು ಜನ ಹೊಗಳಿದರೆ ಅಪ್ಪನ ಹೆಸರು ಹೇಳಿ ಕೈಮುಗಿಯುತ್ತಿದ್ದ. ನಾಳೆಯ ಪುಣ್ಯಸ್ಮರಣೆ ಮುಗಿಸಿ ಮಕ್ಕಳನ್ನು ಬೇರೆ ಯಾರಿಗಾದರೂ ಒಪ್ಪಿಸಿ ಹೊರಟುಬಿಡಬೇಕೆಂದು ಅವನ ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಗುರುಗಳಿಗೆ ಗೊತ್ತಿತ್ತು.

ಗುರುಗಳು ವಿಭೂತಿಯ ಉಂಡೆ ತಟ್ಟುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು: "ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಾಳಿ ಇದೆ."

ಕತೆ ಹೀಗಿತ್ತು.

ಒಬ್ಬ ಕುರಿಗಾರ ಇದ್ದ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಹೆಸರು ಲಗಮವ್ವ. ಅವನ ಆಸ್ತಿಯೆಂದರೆ ಒಂದು ಮಂದೆ, ಒಂದು ನಾಯಿ, ಒಂದು ಕರಿ ಕಂಬಳಿ. ಮಳೆಗಾಲ ಹಿಂದಾಯಿತೆಂದರೆ ಅಪ್ಪ ಮಗಳು ಮಂದೆ ಹೊಡೆದುಕೊಂಡು ಹೊರಡುವರು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವರು. ಮುಂದಿನ ಮಳೆಯ ಹೊತ್ತಿಗೆ ತಮ್ಮ ಹಟ್ಟಿಗೆ ತಿರುಗಿ ಬರುವರು.

ಕುರಿಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಕೂಗು. ಇವನದು ಗಂಟಲ ಬುಡದಿಂದ ಎಳೆದು ತೆಗೆಯುವ ದಪ್ಪ ಕೂಗು. ಅದು ಕಿವಿಗೆ ಬಿದ್ದರೆ ಹಸಿರಿಗೆ ಬಾಯಿಟ್ಟ ಕುರಿಯೂ ತಲೆಯೆತ್ತಿ ಬರುತ್ತಿತ್ತು. ಮಗಳಿಗೆ ಅಂಥ ಗಂಟಲಿಲ್ಲ. ಅವಳು ಮಂದೆಯ ಹಿಂದೆ ನಡೆಯುವವಳು, ಕುಂಟುವ ಕುರಿಯನ್ನು ನಡೆಸಿಕೊಂಡು ಬರುವವಳು, ರೊಟ್ಟಿ ಸುಡುವವಳು. ಮುಂದೆ ನಡೆಯುವುದು ಅಪ್ಪನ ಕೆಲಸ.

ಒಂದು ಮಧ್ಯಾಹ್ನ ಹಟ್ಟಿಯ ಹತ್ತಿರದ ಜಾಲಿಯ ನೆರಳಿನಲ್ಲಿ ಕಂಬಳಿ ಹಾಸಿ ಮಲಗಿದವನು ಏಳಲಿಲ್ಲ. ಮಗಳು ರೊಟ್ಟಿಯ ಗಂಟು ಬಿಚ್ಚಿ ಎಬ್ಬಿಸಿದಳು. ಎಷ್ಟು ಎಬ್ಬಿಸಿದರೂ ಏಳಲಿಲ್ಲ.

ಹಟ್ಟಿಗೆ ತಂದು ಮಣ್ಣು ಮಾಡಿದರು. ಅವನ ಧೋತರ, ಅಂಗಿ, ಚಪ್ಪಲಿ ಎಲ್ಲವನ್ನೂ ಹೊರಗೆ ಹಾಕಿದರು. ಕಂಬಳಿಯನ್ನು ಹಾಕಲಿಲ್ಲ. ಕಂಬಳಿಗೆ ಮೈಲಿಗೆಯಿಲ್ಲ ಎಂಬುದು ಆ ಜನರ ನಂಬಿಕೆ. ಅದು ಮನೆಯಲ್ಲಿಯೇ ಉಳಿಯುತ್ತದೆ. ಲಗಮವ್ವ ಅದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ಅಪ್ಪನ ಹೊಗೆಸೊಪ್ಪಿನ ವಾಸನೆ ಬಂತು. ಅಲ್ಲಿಯವರೆಗೆ ಅಳದವಳು ಆಗ ಅತ್ತಳು.

ಅವಳಿಗೊಬ್ಬ ಚಿಕ್ಕಪ್ಪ, ಒಡೆಯಪ್ಪ. ಅವನಿಗೂ ಕುರಿಗಳಿದ್ದವು. ಕೆಟ್ಟವನೇನಲ್ಲ. ಹೆಣ್ಣುಮಗಳು ಒಬ್ಬಳೇ ಅಡವಿ ಅಲೆಯುವುದು ಹೇಗೆ, ಅಣ್ಣನ ಮಂದೆಯನ್ನು ತನ್ನ ಮಂದೆಗೆ ಸೇರಿಸಿಕೊಂಡು ಹುಡುಗಿಗೊಂದು ಮದುವೆ ಮಾಡಿಬಿಡೋಣ ಎಂದ. ಅವನ ಮಾತಿನಲ್ಲಿ ಅರ್ಧ ಕರುಣೆ, ಅರ್ಧ ಆಸೆ. ಯಾವ ಅರ್ಧ ದೊಡ್ಡದು ಎಂದು ಅವನಿಗೂ ತಿಳಿದಿರಲಿಕ್ಕಿಲ್ಲ.

ಹಟ್ಟಿಯ ಹಿರಿಯ ಮೈಲಾರಜ್ಜ ಒಪ್ಪಲಿಲ್ಲ. ಸತ್ತವನ ಹೆಸರಿನಲ್ಲಿ ವರ್ಷದ ಎಡೆ ಇಡುವವರೆಗೆ ಅವನದ್ದನ್ನು ಹಂಚುವ ಹಾಗಿಲ್ಲ, ಕದಲಿಸುವ ಹಾಗಿಲ್ಲ, ಹಿಂದಿನಿಂದ ಬಂದ ಕಟ್ಟಳೆ ಇದು ಎಂದ. ಅಲ್ಲಿಯವರೆಗೆ ಮಂದೆ ಮಗಳ ಹತ್ತಿರ ಇರಲಿ, ಮುಂದಿನದನ್ನು ಎಡೆಯ ದಿನ ನೋಡೋಣ ಎಂದು ಮಾತು ಮುಗಿಸಿದ.

ಲಗಮವ್ವನಿಗೆ ಬೇರೆ ಏನೂ ಬೇಕಿರಲಿಲ್ಲ. ಅವಳು ಹುಟ್ಟಿದ್ದು ಕುರಿಗಳ ನಡುವೆ. ಅಪ್ಪ ಹೆಸರಿಟ್ಟ ಕುರಿಗಳು, ಅಪ್ಪನ ಕೈ ನೆಕ್ಕಿದ ಕುರಿಗಳು. ಅವೂ ಹೋದರೆ ಅಪ್ಪನ ಗುರುತೇ ಇಲ್ಲದಂತಾಗುತ್ತದೆ. ವರ್ಷ ಕಳೆಯುವುದರೊಳಗೆ ಮಂದೆ ತನ್ನ ಮಾತು ಕೇಳಬೇಕು, ಇಲ್ಲದಿದ್ದರೆ ಎಲ್ಲ ಚಿಕ್ಕಪ್ಪನ ಪಾಲು.

ಮೊದಲ ದಿನ ಬೆಳಿಗ್ಗೆ ಹೋಗಿ ಕರೆದಳು. ಒಂದು ಕುರಿಯೂ ಏಳಲಿಲ್ಲ. ಕೋಲು ಬೀಸಿದಳು. ಎದ್ದವು, ಆದರೆ ಒಂದು ಆ ಕಡೆ, ಇನ್ನೊಂದು ಈ ಕಡೆ. ಹಟ್ಟಿಯ ಹೆಂಗಸರು ನೋಡುತ್ತಾ ನಿಂತಿದ್ದರು. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು.

ಗುಡಿಸಲೊಳಗೆ ಓಡಿ ಅಪ್ಪನ ಕಂಬಳಿ ತಂದಳು. ಅದನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಟ್ಟಳು. ಮುಖ ಕಾಣದ ಹಾಗೆ ಮುಂದಕ್ಕೆ ಎಳೆದುಕೊಂಡಳು. ಗಂಟಲು ದಪ್ಪ ಮಾಡಿ ಅಪ್ಪನ ಹಾಗೆ ಕೂಗಿದಳು. ಗಂಟೆ ಕಟ್ಟಿದ ಮುದಿ ಕುರಿ ಮೂಗರಳಿಸಿ ಎದ್ದು ನಿಂತಿತು. ಅದರ ಹಿಂದೆ ಉಳಿದವು ಎದ್ದವು. ಮಂದೆ ಹೊರಟಿತು.

ಅವಳಿಗೆ ತಿಳಿದುಹೋಯಿತು, ಅಥವಾ ತಿಳಿಯಿತೆಂದು ಅಂದುಕೊಂಡಳು. ಕುರಿಗಳು ನಡೆಯುವುದು ಕಂಬಳಿಯ ಹಿಂದೆ. ಕಂಬಳಿಯೊಳಗೆ ಯಾರಿದ್ದರೂ ಒಂದೇ.

ಅಂದಿನಿಂದ ಕಂಬಳಿ ಬಿಚ್ಚಲಿಲ್ಲ. ಮಳೆಗೆ ಬಿಚ್ಚಲಿಲ್ಲ, ಸರಿ, ಕಂಬಳಿ ಇರುವುದೇ ಅದಕ್ಕೆ. ನೆತ್ತಿ ಸುಡುವ ಬಿಸಿಲಿನಲ್ಲಿಯೂ ಬಿಚ್ಚಲಿಲ್ಲ. ದಾರಿಯಲ್ಲಿ ಸಿಕ್ಕ ಜನ, ಏನವ್ವಾ ನಿನಗೊಬ್ಬಳಿಗೇ ಚಳಿಗಾಲವೇ ಎಂದು ನಕ್ಕರು. ಅವಳು ಕೊಪ್ಪೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ತೊಳೆದರೆ ಅಪ್ಪನ ವಾಸನೆ ಹೋಗುತ್ತದೆಂದು ತೊಳೆಯಲೂ ಇಲ್ಲ. ಹುಚ್ಚಿ ಎನ್ನು ಬೇಕಾದರೆ. ನನಗೆ ನಗು ಬರುವುದಿಲ್ಲ.

ಆ ವರ್ಷ ಏನೆಲ್ಲ ಆಯಿತು ಕೇಳು. ಹೊಸ ಸೀಮೆಯಲ್ಲಿ ನೀರಿನ ಜಾಗ ಹುಡುಕಿದಳು. ಕುರಿ ನಿಲ್ಲಿಸಲು ಒಲ್ಲೆನೆಂದ ಹೊಲದವರೊಡನೆ ವಾದ ಮಾಡಿ ಒಪ್ಪಿಸಿದಳು. ತೋಳ ಬಂದಾಗ ನಾಯಿಗಿಂತ ಮುಂದೆ ಓಡಿದಳು. ಹಳ್ಳ ತುಂಬಿ ಬಂದಾಗ ದಡದಲ್ಲಿ ಕಾದಳು, ನೀರು ಇಳಿದ ಮೇಲೆ ದಾಟಿಸಿದಳು. ಒಂದು ಕುರಿಯೂ ನೀರು ಪಾಲಾಗಲಿಲ್ಲ. ಕಂಡವರು ಭೇಷ್ ಎಂದರೆ ಅವಳದು ಒಂದೇ ಮಾತು: ಅಪ್ಪನ ಕಂಬಳಿ ಕಾಯುತ್ತದೆ, ನನ್ನದೇನಿದೆ.

ಚಳಿಗಾಲದಲ್ಲಿ ಕುರಿಗಳು ಈದವು. ಹಸಿ ಮರಿಗಳನ್ನು ಮೇವಿಗೆ ಕರೆದೊಯ್ಯಲಾಗುವುದಿಲ್ಲ. ಮುಳ್ಳಿನ ಬೇಲಿ ಕಟ್ಟಿ ಮರಿಗಳಿಗೆಂದೇ ಒಂದು ಸಣ್ಣ ರೊಪ್ಪ ಮಾಡಿದಳು. ಸಂಜೆ ತಾಯಿಕುರಿಗಳು ಬಂದಾಗ ಯಾವ ಮರಿ ಯಾವುದರದು ಎಂದು ನೋಡಿ ಹಾಲಿಗೆ ಬಿಡಬೇಕು. ಒಂದು ಕುರಿ ಈದು ಸತ್ತಿತು. ಅದರ ಮರಿಯನ್ನು ಯಾವ ಕುರಿಯೂ ಹತ್ತಿರ ಸೇರಿಸಲಿಲ್ಲ. ಲಗಮವ್ವ ಇನ್ನೊಂದು ಕುರಿಯ ಹಾಲು ಹಿಂಡಿ ಆ ಮರಿಯ ಬೆನ್ನಿಗೆಲ್ಲ ಸವರಿದಳು. ಕುರಿ ಮೂಸಿ ನೋಡಿತು, ತನ್ನದೇ ಎಂದುಕೊಂಡಿತು, ಹಾಲು ಕೊಟ್ಟಿತು. ಅಪ್ಪ ಹಾಗೆ ಮಾಡಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ತಾನೇ ಹುಡುಕಿಕೊಂಡಳು.

ಆ ಮರಿಗಳ ರೊಪ್ಪದೊಳಗೆ ಮಾತ್ರ ಅವಳು ಕಂಬಳಿ ಹೊದೆಯುತ್ತಿರಲಿಲ್ಲ. ಕರಿ ಕೊಪ್ಪೆ ಒಳಗೆ ಬಂದರೆ ಮರಿಗಳು ಬೆದರಿ ಬೇಲಿಗೆ ಬೀಳುತ್ತಿದ್ದವು. ಕಂಬಳಿಯನ್ನು ಹೊರಗೆ ಇಟ್ಟು ಬರಿ ತಲೆಯಲ್ಲಿ ಒಳಗೆ ಹೋಗುವಳು. ನಾಲಿಗೆ ಲೊಚಗುಟ್ಟಿಸಿ, ತನ್ನ ಸಣ್ಣ ದನಿಯಲ್ಲಿ, ಬನ್ನಿರವ್ವಾ ಬನ್ನಿರಿ ಎಂದು ಕರೆಯುವಳು. ಮರಿಗಳು ಬಂದು ಅವಳ ಮಡಿಲಿಗೆ ನುಗ್ಗುವವು. ಅಲ್ಲಿ ಅವಳು ನಗುತ್ತಿದ್ದಳು. ಆದರೆ ಇದೂ ಕುರಿ ಕಾಯುವ ಕೆಲಸವೇ ಎಂದು ಅವಳಿಗೆ ಅನ್ನಿಸಲಿಲ್ಲ. ಮರಿ ನೋಡಿಕೊಳ್ಳುವುದು ಮನೆಗೆಲಸದ ಹಾಗೆ, ಯಾರು ಬೇಕಾದರೂ ಮಾಡುತ್ತಾರೆ ಎಂದುಕೊಂಡಳು. ನಿಜವಾದ ಕೆಲಸ ಹೊರಗೆ, ಕಂಬಳಿಯ ಕೆಲಸ.

ಮರಿಗಳು ಬಲಿತು, ತಾಯಿಕುರಿಗಳ ಬಾಲ ಹಿಡಿದು ಮಂದೆಯ ಜೊತೆ ಮೇಯತೊಡಗಿದವು. ವರ್ಷ ತಿರುಗಿ ಬಂತು. ಲಗಮವ್ವ ಮಂದೆಯನ್ನು ಹಟ್ಟಿಗೆ ತಂದಳು. ಹೊರಟಾಗಿದ್ದದ್ದಕ್ಕಿಂತ ಮಂದೆ ದೊಡ್ಡದಾಗಿತ್ತು, ಅದನ್ನು ಎಲ್ಲರೂ ನೋಡಿದರು. ಅವಳೊಬ್ಬಳು ನೋಡಲಿಲ್ಲ. ಅವಳಿಗೆ ಆ ಜಾಲಿಯ ನೆರಳೇ ಕಣ್ಣಮುಂದೆ.

ಎಡೆ ಇಟ್ಟರು. ಅಪ್ಪನಿಗೆ ಇಷ್ಟವಾದ ಹುರುಳಿಯ ಸಾರು, ಜೋಳದ ಮುದ್ದೆ, ಒಂದು ಚೂರು ಹೊಗೆಸೊಪ್ಪು. ಎಲ್ಲರೂ ಅಡ್ಡಬಿದ್ದೆದ್ದ ಮೇಲೆ ಒಡೆಯಪ್ಪ ಎದ್ದು ನಿಂತ. ಕಟ್ಟಳೆಯ ವರ್ಷ ಮುಗಿಯಿತು, ಮಂದೆ ಯಾರದೆಂದು ಇವತ್ತು ಹೇಳಿ ಎಂದ. ಮೈಲಾರಜ್ಜ ಗಡ್ಡ ತುರಿಸಿಕೊಂಡ. ನಾನು ಹೇಳುವುದಕ್ಕಿಂತ ಕುರಿಗಳೇ ಹೇಳಲಿ, ಕೆರೆಯ ಬಯಲಿನಲ್ಲಿ ಮಂದೆ ಬಿಡೋಣ, ಒಂದು ಕಡೆ ನೀನು ನಿಲ್ಲು, ಇನ್ನೊಂದು ಕಡೆ ಹುಡುಗಿ ನಿಲ್ಲಲಿ, ಯಾರ ಕೂಗಿಗೆ ಮಂದೆ ಹೋಗುತ್ತದೋ ಅವರದು ಎಂದ. ಜನ ಒಪ್ಪಿದರು.

ಒಡೆಯಪ್ಪ ಇನ್ನೊಂದು ಮಾತು ತೆಗೆದ. ವರ್ಷದ ಎಡೆಯಾದ ಮೇಲೆ ಅಣ್ಣನ ಕಂಬಳಿ ತಮ್ಮನ ಹೆಗಲಿಗೆ ಬರಬೇಕು, ಇದೂ ಕಟ್ಟಳೆಯೇ ಎಂದ. ಮೈಲಾರಜ್ಜನಿಗೆ ಇಲ್ಲವೆನ್ನಲಾಗಲಿಲ್ಲ.

ಕಂಬಳಿ ಹೋದರೆ ಮಂದೆ ಹೋಯಿತು, ಲಗಮವ್ವನ ಲೆಕ್ಕದಲ್ಲಿ ಅಲ್ಲಿಗೇ ಎಲ್ಲ ಮುಗಿಯಿತು. ಕೊಪ್ಪೆ ತೆಗೆದಳು. ವರ್ಷದ ಹಿಂದೆ ಅಪ್ಪನನ್ನು ಮಣ್ಣಿಗಿಟ್ಟಾಗ ಆದದ್ದಕ್ಕಿಂತ ಹೆಚ್ಚು ದುಃಖ ಈಗ ಆಯಿತು. ಚಿಕ್ಕಪ್ಪನ ಕೈಗೆ ಕೊಟ್ಟು ಬರಿ ತಲೆಯಲ್ಲಿ ಬಯಲಿನ ಆ ತುದಿಗೆ ಹೋಗಿ ನಿಂತಳು.

ಒಡೆಯಪ್ಪ ಕಂಬಳಿ ಹೊದ್ದ. ಅಣ್ಣನದೇ ಮೈಕಟ್ಟು, ಅಣ್ಣನದೇ ನಿಲುವು. ಅವನು ಕೂಗಿದ. ಅಣ್ಣ ತಮ್ಮಂದಿರ ದನಿ ಒಂದೇ ಎಂಬುದನ್ನು ಜನ ಮರೆತಿದ್ದರು. ಸತ್ತವನೇ ಎದ್ದು ಬಂದು ಕೂಗಿದ ಹಾಗಿತ್ತು. ಮುದುಕಿಯರು ಕಣ್ಣೊರೆಸಿಕೊಂಡರು. ಲಗಮವ್ವನ ಬಾಯಲ್ಲಿ ಅಪ್ಪಾ ಎಂಬ ಮಾತು ತಾನಾಗಿ ಬಂತು.

ಗಂಟೆ ಕಟ್ಟಿದ ಮುದಿ ಕುರಿ ತಲೆಯೆತ್ತಿತು. ಕಂಬಳಿಯ ಕಡೆಗೆ ಹೆಜ್ಜೆ ಹಾಕಿತು. ವಯಸ್ಸಾದ ಕುರಿಗಳು ಅದರ ಬೆನ್ನಿಗೆ ತಿರುಗಿದವು. ಮಂದೆ ನಿಧಾನವಾಗಿ ಆ ಕಡೆಗೆ ಸರಿಯಿತು.

ಮೈಲಾರಜ್ಜ ಹುಡುಗಿಗೆ ಕೈಸನ್ನೆ ಮಾಡಿದ. ಅವಳು ಅಪ್ಪನ ಹಾಗೆ ಕೂಗಲು ನೋಡಿದಳು. ಕೂಗು ಹೊರಡಲಿಲ್ಲ. ಇನ್ನೊಮ್ಮೆ ನೋಡಿದಳು. ಅರ್ಧ ಬಂದು ಒಡೆದುಹೋಯಿತು. ಯಾರೋ ಅಯ್ಯೋ ಪಾಪ ಎಂದರು.

ಆಗ ಮಂದೆಯ ಅಂಚಿನಲ್ಲಿ ಒಂದು ಮರಿ ಎಡವಿ ಬಿತ್ತು. ತಾಯಿ ಸತ್ತ ಮರಿ, ಹಾಲು ಸವರಿಸಿಕೊಂಡು ಬದುಕಿದ್ದು. ಲಗಮವ್ವನಿಗೆ ಪಂದ್ಯ ಮರೆತುಹೋಯಿತು, ಜನ ಮರೆತುಹೋದರು. ರೊಪ್ಪದಲ್ಲಿ ಕರೆಯುವ ಹಾಗೆ ನಾಲಿಗೆ ಲೊಚಗುಟ್ಟಿಸಿದಳು. ಬನ್ನಿರವ್ವಾ, ಬನ್ನಿರಿ ಎಂದು ತನ್ನ ಸಣ್ಣ ದನಿಯಲ್ಲಿ ಕರೆದಳು.

ಬಿದ್ದ ಮರಿ ಎದ್ದು ಅವಳ ಕಡೆಗೆ ಓಡಿತು. ಅದರ ಹಿಂದೆ ಇನ್ನೊಂದು ಓಡಿತು. ಆಮೇಲೆ ಆ ವರ್ಷ ಹುಟ್ಟಿದ ಮರಿಗಳೆಲ್ಲ ಒಟ್ಟಿಗೆ ಹೊರಳಿದವು. ಆ ದಪ್ಪ ಕೂಗು ಯಾರದೆಂದು ಅವಕ್ಕೆ ಗೊತ್ತಿಲ್ಲ. ಆ ಕಂಬಳಿಯೆಂದರೆ ಬೇಲಿಯ ಹೊರಗೆ ಬಿದ್ದಿರುತ್ತಿದ್ದ ಒಂದು ಕರಿ ಗಂಟು. ಅವು ಕಣ್ಣು ಬಿಟ್ಟಾಗಿನಿಂದ ಕೇಳಿದ್ದು ಈ ದನಿಯನ್ನು. ಮರಿಗಳು ಓಡಿದ್ದನ್ನು ಕಂಡು ತಾಯಿಕುರಿಗಳು ಅರಚಿಕೊಂಡು ಹಿಂದೆ ಓಡಿದವು. ತಾಯಿಕುರಿಗಳ ಹಿಂದೆ ಟಗರುಗಳು. ಬಯಲಿನಲ್ಲಿ ಧೂಳೆದ್ದಿತು.

ಮುದಿ ಕುರಿಯೊಂದೇ ನಡುವೆ ನಿಂತಿತು. ಕಂಬಳಿಯನ್ನು ನೋಡಿತು. ಹುಡುಗಿಯನ್ನು ನೋಡಿತು. ಆಮೇಲೆ ಗಂಟೆ ಅಲ್ಲಾಡಿಸುತ್ತಾ, ಅವಸರವಿಲ್ಲದೆ, ಅದೂ ಹುಡುಗಿಯ ಕಡೆಗೇ ನಡೆದು ಬಂತು.

ಮಂದೆ ಬಂದು ಅಪ್ಪಳಿಸಿದ ಹೊಡೆತಕ್ಕೆ ಲಗಮವ್ವ ನೆಲಕ್ಕೆ ಬಿದ್ದಳು. ಮರಿಗಳು ಮೈಮೇಲೆ ಹತ್ತಿದವು, ಮುಖ ನೆಕ್ಕಿದವು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ದೂರದವರಿಗೆ ತಿಳಿಯಲಿಲ್ಲ. ಹತ್ತಿರ ಇದ್ದವರು ಹೇಳಿದ್ದು, ಅವಳು ನಗುತ್ತಿದ್ದಳು. ಹಟ್ಟಿಯವರು ಡೊಳ್ಳು ಹೊಡೆದರು. ಹೆಂಗಸರು ಹಿಡಿ ಹಿಡಿಯಾಗಿ ಭಂಡಾರ ತೂರಿದರು. ಅವಳ ಬರಿ ತಲೆ, ಕುರಿಗಳ ಬೆನ್ನು, ಎಲ್ಲ ಅರಿಸಿನದ ಬಣ್ಣವಾಯಿತು.

ಒಡೆಯಪ್ಪ ಆ ತುದಿಯಲ್ಲಿ ಒಬ್ಬನೇ ನಿಂತಿದ್ದ. ಎಲ್ಲರೂ ಅವನು ಜಗಳ ತೆಗೆಯುತ್ತಾನೆ ಎಂದುಕೊಂಡರು. ಅವನು ಕೊಪ್ಪೆ ತೆಗೆದು, ಕಂಬಳಿಯನ್ನು ಮೂಗಿಗೆ ಹಿಡಿದು, ಬಹಳ ಹೊತ್ತು ಮೂಸಿದ. ಆಮೇಲೆ ಕುರಿಗಳ ನಡುವೆ ದಾರಿ ಮಾಡಿಕೊಂಡು ಬಂದು ಅದನ್ನು ಅವಳ ಹೆಗಲಿಗೆ ಹಾಕಿದ.

"ಅಣ್ಣನ ಕಂಬಳಿ ಅಂದರೆ ಹೊಗೆಸೊಪ್ಪಿನ ವಾಸನೆ, ಮಗಳೇ," ಎಂದ. "ಇದರಲ್ಲಿ ಅದು ಎಂದೋ ಹೋಗಿದೆ. ಮರಿಗಳ ಹಾಲಿನ ವಾಸನೆ ಇದೆ, ನಿನ್ನ ಬೆವರಿನ ವಾಸನೆ ಇದೆ. ಇದು ನನ್ನದಲ್ಲ."

ಲಗಮವ್ವ ತಾನೂ ಮೂಸಿ ನೋಡಿದಳು. ವರ್ಷವೆಲ್ಲ ಅದರೊಳಗೇ ಇದ್ದವಳಿಗೆ ಅದು ಗೊತ್ತಾಗಿರಲಿಲ್ಲ. ಅಪ್ಪನ ವಾಸನೆಯೆಂದು ಅವಳು ಉಸಿರಾಡುತ್ತಿದ್ದದ್ದು ತನ್ನನ್ನೇ. ಆಗ ಅವಳಿಗೆ ವರ್ಷ ತಿರುಗಿ ಕಂಡಿತು. ಹಳ್ಳ ಕಂಡಿತು, ತೋಳ ಕಂಡಿತು, ಮರಿಗಳ ರೊಪ್ಪ ಕಂಡಿತು. ಎಲ್ಲ ಕಡೆಯೂ ಒಬ್ಬ ಹುಡುಗಿ ನಿಂತಿದ್ದಳು.

ಮಾರನೆಯ ದಿನ ಅವಳು ಆ ಕಂಬಳಿಯನ್ನು ಹೊಳೆಯಲ್ಲಿ ತೊಳೆದು ಬಂಡೆಯ ಮೇಲೆ ಒಣಗಿಸಿದಳು. ಅಪ್ಪನನ್ನು ಮರೆತಳು ಎಂದಲ್ಲ. ಆಮೇಲೆಯೂ ಎಡೆ ಇಡುವಾಗ ಪ್ರತಿ ಸಲ ಅತ್ತಳು. ಆದರೆ ಕಂಬಳಿಯನ್ನು ಮಳೆ ಬಂದಾಗ ಹೊದ್ದಳು, ಮಳೆ ನಿಂತಾಗ ಮಡಿಸಿದಳು. ಮಂದೆಯ ಮುಂದೆ ಬರಿ ತಲೆಯಲ್ಲಿ ನಡೆದಳು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಕೊನೆಯ ಉಂಡೆಯನ್ನು ತಟ್ಟಿ ಹಲಗೆಯ ಮೇಲಿಟ್ಟು ಕೈ ತೊಳೆದರು.

ಕತೆ ಕೊಟ್ರಯ್ಯನನ್ನು ತಟ್ಟಿತ್ತು, ಆದರೆ ಸುಲಭಕ್ಕೆ ಸೋಲುವವನಲ್ಲ. ಅವನು ಹೇಳಿದ: "ಅವಳಿಗೆ ಕುರಿಗಳು ಓಡಿ ಬಂದು ಹೇಳಿದವು, ಅಜ್ಜಾರೇ. ನನಗೆ ಯಾರು ಹೇಳಬೇಕು?"

ಪಡಸಾಲೆಯಲ್ಲಿ ಮಕ್ಕಳು ಆಗಲೇ ಬಂದು ಕೂತಿದ್ದರು. ಹೇಳಿಕೊಡುವವನು ಇನ್ನೂ ಬರಲಿಲ್ಲವೆಂದು ತಾವೇ ಕಾಗುಣಿತ ಶುರು ಮಾಡಿದ್ದರು. ಹೊಸದಾಗಿ ಸೇರಿದ ಚಿಕ್ಕವರ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು. ಕೊಟ್ರಯ್ಯ ಹೇಳುವ ರಾಗದಲ್ಲಿಯೇ, ಕೊಟ್ರಯ್ಯ ನಿಲ್ಲಿಸುವ ಕಡೆಯೇ ನಿಲ್ಲಿಸಿ ಹೇಳುತ್ತಿದ್ದರು. ಗುರುಗಳು ಆ ಕಡೆಗೆ ಕೈ ತೋರಿಸಿದರು.

"ಈ ವರ್ಷ ಅಕ್ಷರ ಕಲಿತ ಆ ಮಕ್ಕಳಲ್ಲಿ ನಿನ್ನ ಅಪ್ಪನ ದನಿ ಕೇಳಿದ ಒಬ್ಬರನ್ನು ತೋರಿಸು, ನೋಡೋಣ."

ಕೊಟ್ರಯ್ಯ ಎದ್ದು ಪಡಸಾಲೆಗೆ ಹೋಗಿ, ಅಪ್ಪನ ಕಂಬಕ್ಕೆ ಒರಗದೆ ಮಕ್ಕಳ ನಡುವೆ ಕೂತ.